ಐವತ್ತು ಕಿಲೋಮೀಟರಿನೊಳಗೆ ಬೆಳೆದದ್ದನ್ನೇ ತಿಂದು ಬದುಕಬಹುದಾ?

ಸುಮಾ ವಿದ್ಯಾನಗರ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಎಳ್ಳಮಾವಾಸ್ಯೆ ದಿನ ಅಣ್ಣಿಗೇರಿ ಹತ್ತಿರ ನಮ್ಮ ಮಾವನವರ ಹೊಲಕ್ಕೆ ಭೂಮಿತಾಯಿಗೆ ಎಡೆ ಅರ್ಪಿಸುವ ಚರಗ ಚೆಲ್ಲೋಕೆ ಹೋಗಿದ್ದೆವು. ಜೋಳ ಎದೆಮಟ್ಟ ನಿಂತಿತ್ತು. ಬದುವಿನ ಮೇಲೆ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಆಗಲೇ ಕಿತ್ತ ಹಕ್ಕರಕಿ ಸೊಪ್ಪು ತಿಂದೆವು. ಮಾವ ನನ್ನ ತಟ್ಟೆ ತೋರಿಸಿ, "ಉಪ್ಪೊಂದು ಬಿಟ್ರ ಇದರಾಗ ಹೊರಗಿಂದು ಏನೂ ಇಲ್ಲವ್ವಾ" ಅಂದರು.

ಮನೆಗೆ ಬಂದು ಅಡುಗೆಮನೆಯ ಡಬ್ಬಿಗಳನ್ನು ಒಂದೊಂದೇ ನೋಡಿದೆ. ತೊಗರಿಬೇಳೆ ಪ್ಯಾಕೆಟ್ ಮೇಲೆ ತುಂಬಿದ ಊರಿನ ಹೆಸರಿದೆ, ಬೆಳೆದ ಊರಿನದಿಲ್ಲ. ಎಣ್ಣೆ ಇಂಡೋನೇಷ್ಯಾದ್ದೋ ಮಲೇಷ್ಯಾದ್ದೋ. ಸೇಬಿನ ಮೇಲೆ ಸ್ಟಿಕರ್. ಸರಿ, ಜನವರಿ ಒಂದು ತಿಂಗಳು ಹುಬ್ಬಳ್ಳಿಯಿಂದ ಐವತ್ತು ಕಿಲೋಮೀಟರಿನೊಳಗೆ ಬೆಳೆದದ್ದನ್ನೇ ತಿನ್ನೋಣ ಅಂತ ಹಟ ಹಿಡಿದೆ. ಇವತ್ತಿಗೆ ಹನ್ನೊಂದು ದಿನ ಆಯ್ತು.

ಜೋಳ, ಹೆಸರು, ಕಡಲೆ, ಶೇಂಗಾ, ಪಲ್ಲೆ, ಪೇರಲ ಯಾವುದಕ್ಕೂ ತೊಂದರೆ ಆಗಲಿಲ್ಲ. ಕಲಘಟಗಿ ಕಡೆಯ ಅಕ್ಕಿ ಸಿಕ್ಕಿತು. ಸಿಕ್ಕಿಬಿದ್ದದ್ದು ಟೊಮೆಟೊದಲ್ಲಿ. ಓಣಿಗೆ ಬರುವ ಕೈಗಾಡಿಯವನು "ಜವಾರಿ ರೀ ಅಕ್ಕಾರ, ನಮ್ಮ ಹೊಲದ್ದು" ಅನ್ನುತ್ತಾನೆ. ಕಿಲೋಗೆ ಹದಿನೈದು ರೂಪಾಯಿ ಜಾಸ್ತಿ ಕೊಟ್ಟು ತಗೊಂಡೆ. ಮೊನ್ನೆ ಬೆಳಗಿನ ಜಾವ ನಮ್ಮ ಮನೆಯವರು ಎಪಿಎಂಸಿ ಕಡೆ ಹೋದಾಗ ಅದೇ ಮನುಷ್ಯ ಹೊರ ರಾಜ್ಯದ ಲಾರಿಯಿಂದ ಇಳಿದ ಕ್ರೇಟುಗಳನ್ನು ಗಾಡಿಗೆ ಏರಿಸಿಕೊಳ್ಳುತ್ತಿದ್ದನಂತೆ.

ಮಕ್ಕಳು ಆಗಲೇ ಗೊಣಗ್ತಿದಾರೆ. ಇದರಿಂದ ನಿಜವಾಗಿ ಏನಾದರೂ ಲಾಭ ಇದೆಯಾ? ಆರೋಗ್ಯಕ್ಕೆ, ದುಡ್ಡಿಗೆ, ರೈತರಿಗೆ? ಅಥವಾ ಸುಮ್ನೆ ನನ್ನದೊಂದು ಖಯಾಲಿನಾ?

ಗದಗಿನ ಹುಡುಗ

ಅಕ್ಕಾರ, ಚಹಾ ಬಿಟ್ಟಿದ್ದೀರಾ? ಮೊದಲು ಅದನ್ನು ಹೇಳಿ.

ಸುಮಾ ವಿದ್ಯಾನಗರ

ಬಿಟ್ಟಿಲ್ಲ. ಸುಳ್ಳು ಹೇಳೋಕೆ ಆಗಲ್ಲ. ಚಹಾಪುಡಿ, ಉಪ್ಪು, ಇಂಗು ಮೂರಕ್ಕೂ ನಾನೇ ಮಾಫಿ ಕೊಟ್ಟುಕೊಂಡಿದ್ದೇನೆ.

ಗದಗಿನ ಹುಡುಗ

ಇಂಗು ಅಫ್ಘಾನಿಸ್ತಾನದ್ದು. ಐವತ್ತು ಕಿಲೋಮೀಟರ್ ಸ್ವಲ್ಪ ಜಾಸ್ತಿನೇ ಆಯ್ತು 😄

ಎರೆಹೊಲ (ನವಲಗುಂದ ತಾಲ್ಲೂಕು)

ಸುಮಾ ಅಕ್ಕಾರ, ಆ ಕೈಗಾಡಿಯವನ ಮೇಲೆ ಸಿಟ್ಟಾಗುವ ಮೊದಲು ಒಂದು ಮಾತು. ನೀವು ಅವನನ್ನು ಕೇಳಿದ್ದೇನು? ಊರಿನದಾ ಅಂತಲೋ, ಜವಾರಿನಾ ಅಂತಲೋ? ನಮ್ಮ ಕಡೆ ಜನ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ.

ಜವಾರಿ ಅನ್ನೋದು ಬೀಜದ ಮಾತು. ಊರಿನದು ಅನ್ನೋದು ಜಾಗದ ಮಾತು. ಸಾವಯವ ಅನ್ನೋದು ಬೆಳೆಯುವ ರೀತಿಯ ಮಾತು. ನಮ್ಮ ಹೊಲದ ಬದನೆ ಇದೇ ಮಣ್ಣಿನದು, ಆದರೆ ಬೀಜ ಕಂಪನಿಯ ಹೈಬ್ರಿಡ್. ಬದನೆಗೆ ಕಾಯಿಕೊರಕ ಬಿದ್ದರೆ ವಾರಕ್ಕೊಮ್ಮೆ ಔಷಧ ಹೊಡೆಯುತ್ತೇವೆ, ಮುಚ್ಚಿಡೋದೇನು. ಅದೇ ನಮ್ಮ ಹಿಂಗಾರಿ ಬಿಳಿಜೋಳ ನೋಡಿ. ಮಾಲದಂಡಿ ಅಂತೀವಲ್ಲ, ಎಂ 35-1. ಮಳೆ ನಿಂತ ಮೇಲೆ ಬಿತ್ತಿದ್ದು, ಎರೆ ಮಣ್ಣಿನ ಹಸಿಯಲ್ಲೇ ಬೆಳೆಯುತ್ತದೆ. ನೀರು ಹಾಯಿಸೋದಿಲ್ಲ, ಔಷಧ ಹೊಡೆಯೋದು ಅಪರೂಪ. ಎರಡೂ ನಿಮ್ಮ ಐವತ್ತು ಕಿಲೋಮೀಟರಿನೊಳಗೇ ಇವೆ. ಎರಡೂ ಒಂದೇ ಅಲ್ಲ.

ಹತ್ತಿರದ್ದು ಅಂದ ಕೂಡಲೇ ಔಷಧ ಇಲ್ಲದ್ದು ಅಂತ ತಿಳಿಯಬೇಡಿ. ಇದು ರೈತನೇ ಹೇಳುವ ಮಾತು.

ಲೆಕ್ಕದ ಮಾಸ್ತರ (ಧಾರವಾಡ)

ದೂರದ್ದು ತಿಂದರೆ ಪರಿಸರ ಕೆಡುತ್ತದೆ ಅಂತ ಯಾರಾದರೂ ಹೇಳುವ ಮೊದಲೇ ಒಂದು ಲೆಕ್ಕ ಇಡುತ್ತೇನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವೆಬರ್ ಮತ್ತು ಮ್ಯಾಥ್ಯೂಸ್ 2008ರಲ್ಲಿ ಅಲ್ಲಿನ ಮನೆಗಳ ಊಟದಿಂದ ಗಾಳಿಗೆ ಸೇರುವ ಇಂಗಾಲದ ಲೆಕ್ಕ ಹಾಕಿದರು. ಸಾಗಾಟದ ಪಾಲು ಒಟ್ಟು ಶೇ 11. ಅದರಲ್ಲೂ ಬೆಳೆದವರಿಂದ ಅಂಗಡಿಗೆ ತರುವ ಕೊನೆಯ ಹಂತದ್ದು ಬರೀ ಶೇ 4. ಶೇ 83 ಬೆಳೆಯುವಾಗಲೇ ಆಗಿಹೋಗಿರುತ್ತದೆ. ಗೊಬ್ಬರ, ದನಕರು, ಪಂಪು, ಟ್ರ್ಯಾಕ್ಟರು. ಅದು ಅವರ ದೇಶದ ಲೆಕ್ಕ, ನಮ್ಮದು ಹಾಗೇ ಇರುತ್ತದೆ ಅಂತಲ್ಲ. ಆದರೂ ದಾರಿ ತೋರಿಸುತ್ತದೆ.

ಒಂದು ಲಾರಿ ಹತ್ತು ಟನ್ ಉಳ್ಳಾಗಡ್ಡಿ ಹೊತ್ತು ನಾಸಿಕ್‌ನಿಂದ ಬಂದರೆ ಕಿಲೋಗೆ ಬೀಳುವ ಡೀಸೆಲ್ ಸ್ವಲ್ಪ. ನೀವು ಎರಡು ಕಿಲೋ ಪೇರಲಕ್ಕೆ ಅಂತ ಕಾರು ತೆಗೆದು ಹುಬ್ಬಳ್ಳಿಯಿಂದ ನವಲೂರಿಗೆ ಹೋಗಿ ಬಂದರೆ? ಲೆಕ್ಕ ನೀವೇ ಮಾಡಿ.

ಸಪ್ತಾಪುರದ ವೀಣಾ

ಮಾಸ್ತರೇ, ಪೇರಲ ತರೋಕೆ ಹೋಗುವವರು ಇಂಗಾಲಕ್ಕೆ ಹೋಗಲ್ಲ, ರುಚಿಗೆ ಹೋಗ್ತಾರೆ. ಗಿಡದಲ್ಲೇ ಹಣ್ಣಾಗಿ ಅದೇ ದಿನ ಬುಟ್ಟಿಗೆ ಬಂದ ನವಲೂರು ಪೇರಲ ತಿಂದವರು ಆ ಮಾತು ಆಡೋದಿಲ್ಲ.

ಆರೋಗ್ಯದ ಮಾತಿಗೂ ಬರ್ತೀನಿ. ನೂರು ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗೂ ಮೇಲೆ ಸಿ ಜೀವಸತ್ವ ಇರುತ್ತದೆ. ಕಿತ್ತಳೆಯಲ್ಲಿ 50ರ ಆಸುಪಾಸು. ಸೇಬಿನಲ್ಲಿ ಹತ್ತು ಕೂಡ ಇಲ್ಲ. ನಾವು ಆಸ್ಪತ್ರೆಗೆ ಯಾರನ್ನಾದರೂ ನೋಡೋಕೆ ಹೋದಾಗ ಸ್ಟಿಕರ್ ಹಚ್ಚಿದ ಸೇಬು ಒಯ್ಯುತ್ತೇವೆ, ಪೇರಲ ಒಯ್ದರೆ ಮರ್ಯಾದೆ ಕಡಿಮೆ. ಇದಕ್ಕೇನು ಹೇಳೋದು?

ಆದರೆ ಆ ತೋಟಗಳೂ ಎಷ್ಟು ಉಳಿದಿವೆ ಹೇಳಿ. ನಾನು ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಪೇರಲ ಗಿಡ ಕಾಣುತ್ತಿದ್ದ ಜಾಗದಲ್ಲಿ ಈಗ ಲೇಔಟಿನ ಬೋರ್ಡು ಕಾಣುತ್ತದೆ. ನಾವೇ ಸೈಟು ತಗೊಂಡು, ನಾವೇ ಊರ ಹಣ್ಣು ಸಿಗಲ್ಲ ಅಂತ ಅಳ್ತೀವಿ. (ನಮ್ಮ ಮನೆಯವರೂ ಒಂದು ಸೈಟು ತಗೊಂಡಿದ್ದಾರೆ. ಬೈಯಬೇಡಿ.)

ಕಡ್ಡಿ ಖಾರ (ಬ್ಯಾಡಗಿ)

ಹುಬ್ಬಳ್ಳಿಯಿಂದ ಬ್ಯಾಡಗಿ ಐವತ್ತು ಕಿಲೋಮೀಟರಿಗೆ ಸಿಗೋದಿಲ್ಲ ಅಕ್ಕಾರ. ಖಾರಪುಡಿ ಏನು ಮಾಡಿದ್ರಿ?

ಎರೆಹೊಲ

ಕಡ್ಡಿ ಖಾರ ಅಣ್ಣಾರ, ಬ್ಯಾಡಗಿ ಅಂದರೆ ಪೇಟೆ ಊರಿನ ಹೆಸರು. ಕಾಯಿ ಬೆಳೆಯೋದು ಕುಂದಗೋಳ, ಅಣ್ಣಿಗೇರಿ, ಗದಗ, ಶಿರಹಟ್ಟಿ ಕಡೆಯ ಎರೆ ಹೊಲಗಳಲ್ಲೂ. ಅಕ್ಕಾರ ಕುಂದಗೋಳದ ಕಾಯಿ ತಗೊಂಡರೆ ಇಪ್ಪತ್ತು ಕಿಲೋಮೀಟರಿನೊಳಗೆ ಮುಗಿಯಿತು.

ಕಡ್ಡಿ ಖಾರ (ಬ್ಯಾಡಗಿ)

ಅದು ಒಪ್ಪಿದೆ. ಆದರೆ ಉಲ್ಟಾನೂ ಇದೆ. ಬ್ಯಾಡಗಿ ಪೇಟೆಯಲ್ಲಿ ತಗೊಂಡದ್ದೆಲ್ಲ ಬ್ಯಾಡಗಿ ಕಾಯಿ ಅಲ್ಲ. ಆಂಧ್ರದಿಂದ ಲೋಡುಗಟ್ಟಲೆ ಬರುತ್ತದೆ. ನಮ್ಮ ಕಡ್ಡಿ, ಡಬ್ಬಿ ತಳಿಗಳಿಗೆ 2011ರಲ್ಲೇ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ಮುದ್ರೆ ಕಾಗದದಲ್ಲಿದೆ, ಚೀಲದಲ್ಲಿ ಏನಿದೆ ಅನ್ನೋದು ಕಣ್ಣಿಗೆ ಗೊತ್ತಾಗಬೇಕು. ಬ್ಯಾಡಗಿ ಕಾಯಿ ಮೈ ಸುಕ್ಕು, ಬಣ್ಣ ಕಡುಗೆಂಪು, ಖಾರ ಕಡಿಮೆ. ಕಾಯಿ ನುಣ್ಣಗೆ ಮಿಂಚುತ್ತಾ ನಾಲಿಗೆ ಸುಡ್ತಾ ಇದ್ದರೆ ಅನುಮಾನ ಪಡಿ. ಪುಡಿ ಆದಮೇಲೆ ದೇವರೂ ಗುರುತು ಹಿಡಿಯಲಾರ. ಕಾಯಿ ತಗೊಂಡು ಕಣ್ಣೆದುರು ಕುಟ್ಟಿಸಿ.

ಇನ್ನೊಂದು ಸಂಗತಿ. ನಮ್ಮ ಕಾಯಿಯಲ್ಲಿ ದೊಡ್ಡ ಪಾಲು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿಂದ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಎಲ್ಲರೂ ಊರದ್ದನ್ನು ಊರಲ್ಲೇ ತಿನ್ನಿ ಅಂದರೆ ನಮ್ಮ ರೈತ ಆ ಕಾಯಿ ಯಾರಿಗೆ ಮಾರಬೇಕು? ಹುಬ್ಬಳ್ಳಿಯವರು ಎಷ್ಟು ಖಾರ ತಿಂದಾರು?

ಪುಸ್ತಕದ ಹುಳ

ಮೆಣಸಿನಕಾಯಿಯೇ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಶೇಂಗಾ, ಪೇರಲ, ಟೊಮೆಟೊ, ಆಲೂಗಡ್ಡೆ, ಗೋವಿನಜೋಳ ಎಲ್ಲಾ ಅಮೆರಿಕ ಖಂಡದವು. ಸುಮಾ ಅವರು ಹೊಲದಲ್ಲಿ ತಿಂದ ಊಟದಲ್ಲಿ ಖಾರ, ಶೇಂಗಾ ಇದ್ದೇ ಇರುತ್ತದೆ. "ಹೊರಗಿನದು ಏನೂ ಇಲ್ಲ" ಅಂತ ಮಾವ ಹೇಳಿದ್ದು ಐನೂರು ವರ್ಷ ಬಿಟ್ಟು ಲೆಕ್ಕ ಹಾಕಿದರೆ ಸರಿ.

ಎರೆಹೊಲ

ಐನೂರು ವರ್ಷ ಇದ್ದವನಿಗೆ ರೇಷನ್ ಕಾರ್ಡ್ ಕೊಡಬಹುದು ಬಿಡಿ ಸರ್.

ಹೆಸರು ಬೇಡ (ಹುಬ್ಬಳ್ಳಿ)

ಯಾರೂ ಹೇಳದ ಮಾತು ನಾನು ಹೇಳುತ್ತೇನೆ. ಅವಳಿ ನಗರಕ್ಕೆ ತೀರಾ ಹತ್ತಿರದಲ್ಲಿ ಬೆಳೆಯುವ ತರಕಾರಿಗೆ ನೀರು ಎಲ್ಲಿಂದ ಬರುತ್ತದೆ ಅಂತ ಯಾರಾದರೂ ಕೇಳಿದ್ದೀರಾ? ಬಹಳ ಕಡೆ ನಮ್ಮ ನಿಮ್ಮ ಮನೆಯ ಗಟಾರದ ನೀರೇ. ಇದು ಗಾಳಿಮಾತಲ್ಲ. ಹುಬ್ಬಳ್ಳಿ-ಧಾರವಾಡದ ಕೊಳಚೆ ನೀರಿನ ಬೇಸಾಯದ ಮೇಲೆಯೇ 2003ರಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟವಾಗಿದೆ. ಬರೆದ ಮೂವರಲ್ಲಿ ಒಬ್ಬರು ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು.

ನಾನು ಹುಟ್ಟಿದ್ದು ಅಂಥದ್ದೇ ಮನೆಯಲ್ಲಿ, ಅದಕ್ಕೇ ಹೆಸರು ಬೇಡ. ನಮ್ಮಪ್ಪ ನಾಲಾಕ್ಕೆ ಪಂಪು ಇಟ್ಟು ಪಾಲಕ್, ಮೆಂತ್ಯ, ಕೊತ್ತಂಬರಿ, ಬದನೆ ಬೆಳೆದರು. ಮಳೆ ಬರಲಿ ಬಿಡಲಿ, ನಾಲಾ ವರ್ಷವಿಡೀ ಹರಿಯುತ್ತದೆ. ಗೊಬ್ಬರದ ಖರ್ಚು ಅರ್ಧ ಉಳಿಯುತ್ತಿತ್ತು, ಆ ನೀರಲ್ಲೇ ಸಾರ ಇತ್ತು. ಬೋರ್ ಹೊಡೆಸಲು ದುಡ್ಡಿರಲಿಲ್ಲ. ಆ ಪಲ್ಲೆ ಮಾರಿಯೇ ನನ್ನ ಫೀ ಕಟ್ಟಿದ್ದು. ಆದರೆ ಕಳೆ, ಹುಳ ಜಾಸ್ತಿ, ಅದಕ್ಕೆ ಔಷಧವೂ ಜಾಸ್ತಿ. ಕಳೆ ಕೀಳುವಾಗ ಅವ್ವನ ಕಾಲಲ್ಲಿ ಯಾವಾಗಲೂ ತುರಿ. ನೀರಲ್ಲಿ ಬ್ಲೇಡು, ಸೂಜಿ ಎಲ್ಲಾ ಬರುತ್ತಿದ್ದವು.

ನಮ್ಮ ಮನೆಯಲ್ಲಿ ನಾವು ಆ ಕೊತ್ತಂಬರಿಯನ್ನು ಹಸಿಯಾಗಿ ತಿನ್ನುತ್ತಿರಲಿಲ್ಲ. ಅದನ್ನು ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಸಪ್ತಾಪುರದ ವೀಣಾ

ನಿಮ್ಮ ಮಾತು ಓದಿ ಮನಸ್ಸು ಭಾರ ಆಯ್ತು. ತಪ್ಪು ನಿಮ್ಮಪ್ಪನದಲ್ಲ. ಆ ನೀರನ್ನು ಶುದ್ಧ ಮಾಡದೆ ನಾಲಾಕ್ಕೆ ಬಿಟ್ಟದ್ದು ಊರು, ಅಂದರೆ ನಾವು.

ಶಾರದಾ ಸಿಸ್ಟರ್ (ಗದಗ)

ಇಪ್ಪತ್ತು ವರ್ಷದಿಂದ ನರ್ಸ್ ಕೆಲಸ ಮಾಡ್ತಿದ್ದೇನೆ. ಸೊಪ್ಪು ಬಿಡಬೇಡಿ. ಬೇರಿನ ಮಣ್ಣು ಕತ್ತರಿಸಿ ತೆಗೆದು, ಮೂರು ನಾಲ್ಕು ನೀರಿನಲ್ಲಿ ತೊಳೆದು, ಬೇಯಿಸಿ ತಿನ್ನಿ. ಬೇಯಿಸಿದರೆ ಜಂತುಹುಳದ ಮೊಟ್ಟೆ, ಭೇದಿ ತರುವ ಕ್ರಿಮಿ ಸಾಯುತ್ತವೆ. ಆದರೆ ಸೀಸ, ಕ್ಯಾಡ್ಮಿಯಂ ತರಹದ ಲೋಹ ಏನಾದರೂ ಸೇರಿದ್ದರೆ ಬೇಯಿಸಿದರೂ ಹೋಗಲ್ಲ. ಹಕ್ಕರಕಿ, ಮೂಲಂಗಿ, ಸವತೆಕಾಯಿ ಹಸಿ ತಿನ್ನೋರು ಮಾತ್ರ ಎಲ್ಲಿಯದು ಅಂತ ಕೇಳಿಯೇ ತಗೊಳ್ಳಿ. ಊರಿನಿಂದ ದೂರದ ಒಣಬೇಸಾಯದ ಹೊಲದ ಹಕ್ಕರಕಿಗೆ ಆ ಭಯ ಕಡಿಮೆ.

ಇನ್ನು ಊರಿನದೇ ಒಂದನ್ನೇ ತಿಂದರೆ ಆರೋಗ್ಯ ಅನ್ನುವವರಿಗೆ. ಬರೀ ಜೋಳ ತಿಂದು ಬದುಕಿದ ಬಡವರಲ್ಲಿ ಪೆಲಾಗ್ರಾ ಅನ್ನುವ ಚರ್ಮದ ರೋಗ ಬರುತ್ತಿತ್ತು. 1960ರಲ್ಲಿ ಹೈದರಾಬಾದಿನ ಪೋಷಣಾ ಸಂಶೋಧಕರು ಅದನ್ನು ಬರೆದಿದ್ದಾರೆ. ಜೋಳ ಕೆಟ್ಟದ್ದು ಅಂತ ಅರ್ಥ ಅಲ್ಲ. ಜೋಳದ ಜೊತೆ ಬೇಳೆ, ಕಾಳು, ಪಲ್ಲೆ, ಮಜ್ಜಿಗೆ ಇರಬೇಕು. ನಮ್ಮ ಹಿರಿಯರ ತಟ್ಟೆಯಲ್ಲಿ ಮಡಕಿಕಾಳು, ಹೆಸರುಕಾಳು ಇದ್ದದ್ದು ಸುಮ್ನೆ ಅಲ್ಲ. ಉಳ್ಳವರ ತಟ್ಟೆಯಲ್ಲಿ ಇತ್ತು ಅನ್ನೋದೂ ನಿಜ.

ಮತ್ತೆ ಸುಮಾ ಅಕ್ಕಾರ, ಉಪ್ಪಿಗೆ ಮಾಫಿ ಕೊಟ್ಟದ್ದು ಒಳ್ಳೆಯದಾಯ್ತು. ಅಯೋಡಿನ್ ಉಪ್ಪನ್ನೇ ತಗೊಳ್ಳಿ.

ರೊಟ್ಟಿ ಬಡಿದು ಸಾಕಾದವಳು

ಇಷ್ಟು ಹೊತ್ತು ಓದಿದೆ. ಇಂಗಾಲ, ಪೋರ್ಚುಗೀಸರು, ಜೀವಸತ್ವ ಎಲ್ಲಾ ಬಂತು. ರೊಟ್ಟಿ ಬಡಿಯೋರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಆರು ಜನ. ಹೊತ್ತಿಗೆ ಹದಿನಾರು ರೊಟ್ಟಿ. ಹಿಟ್ಟು ವಾರಕ್ಕೊಮ್ಮೆ ಬೀಸಿಸಬೇಕು, ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಎಸರು ಕಾಯಿಸಿ, ನಾದಿ, ಬಡಿದು, ಹಂಚಿನ ಮೇಲೆ ನೀರು ಸವರಿ ಸುಡೋಕೆ ಒಂದೂವರೆ ತಾಸು. ಆಮೇಲೆ ಎಂಟೂವರೆ ಬಸ್ಸಿಗೆ ಓಡಬೇಕು. ಹಿಂದಿನ ಊಟ ಚೆನ್ನಾಗಿತ್ತು ಅನ್ನೋರು ಗಂಡಸರೇ ಜಾಸ್ತಿ, ನೋಡಿ ಬೇಕಾದರೆ.

ಅನ್ನಕ್ಕೆ ಇಪ್ಪತ್ತು ನಿಮಿಷ, ಕುಕ್ಕರ್ ತಾನೇ ಕೂಗುತ್ತದೆ. ಜೋಳ ನಮ್ಮ ಮನೆಯಿಂದ ಹೊರಗೆ ಹೋದದ್ದು ರುಚಿ ಕೆಟ್ಟು ಅಲ್ಲ, ನನ್ನ ರಟ್ಟೆ ಸೋತು.

ಗದಗಿನ ಹುಡುಗ

ರೊಟ್ಟಿ ಕೇಂದ್ರದಿಂದ ತರಿಸಿ ಅಕ್ಕಾರ. ನಮ್ಮ ಓಣಿಯಲ್ಲೇ ಎರಡಿವೆ. ಕಡಕ್ ರೊಟ್ಟಿ ತಿಂಗಳು ಇಟ್ಟರೂ ಕೆಡಲ್ಲ.

ರೊಟ್ಟಿ ಬಡಿದು ಸಾಕಾದವಳು

ತರಿಸ್ತೇನೆ. ಅಲ್ಲಿ ಬಡಿಯೋದೂ ಹೆಂಗಸರೇ ತಮ್ಮಾ. ಆದರೆ ಅವರಿಗೆ ಕೈಗೆ ದುಡ್ಡು ಬರುತ್ತದೆ, ಅಷ್ಟು ವಾಸಿ. ಅತ್ತೆಗೆ ಮಾತ್ರ ಬಿಸಿ ರೊಟ್ಟಿಯೇ ಬೇಕು.

ಬಾಡಿಗೆ ಮನೆ (ಹಳೇ ಹುಬ್ಬಳ್ಳಿ)

ನಮಗೆ ರೇಷನ್ ಅಕ್ಕಿ ಬರುತ್ತದೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ನಮ್ಮ ಮನೆಯಲ್ಲಿ ಹಸಿವಿನ ಮಾತೇ ಇಲ್ಲ. ಆ ಅಕ್ಕಿ ಎಲ್ಲಿ ಬೆಳೆದದ್ದೋ ಗೊತ್ತಿಲ್ಲ, ಕೇಳೋಕೂ ಹೋಗಿಲ್ಲ. ಒಳ್ಳೆ ಬಿಳಿಜೋಳ ಕಿಲೋಗೆ ಕೊಡುವ ದುಡ್ಡಿನಲ್ಲಿ ನಾನು ಬೇಳೆ ತರ್ತೀನಿ. ಊರಿನದು ಆರಿಸಿ ತಿನ್ನೋದು ಇರುವವರ ಆಟ. ಬೇಜಾರಾಗಬೇಡಿ ಸುಮಾ ಅಕ್ಕಾರ, ನಿಮ್ಮೊಬ್ಬರಿಗೆ ಹೇಳಿದ್ದಲ್ಲ.

ಸುಮಾ ವಿದ್ಯಾನಗರ

ಬೇಜಾರಿಲ್ಲ ಅಣ್ಣಾರ. ಹನ್ನೊಂದು ದಿನದ ಖರ್ಚು ಬರೆದಿಟ್ಟಿದ್ದೇನೆ. ತರಕಾರಿ, ಕಾಳಿನಲ್ಲಿ ಉಳಿತಾಯವೇ ಆಗಿದೆ. ಗಾಣದ ಕುಸುಬೆ ಎಣ್ಣೆಯಲ್ಲಿ ಅದೆಲ್ಲ ಹೋಗಿ ಇನ್ನೂ ಮೇಲೆ ಹೋಯ್ತು.

ಪುಸ್ತಕದ ಹುಳ

ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಬರಲೇಬೇಕಾದ ಮಾತು ಬರಗಾಲ. ಹಿಂದೆ ನಮ್ಮ ಸೀಮೆಯಲ್ಲಿ ಎಲ್ಲರೂ ಊರಿನದನ್ನೇ ತಿನ್ನುತ್ತಿದ್ದರು. ಬೇರೆ ದಾರಿ ಇರಲಿಲ್ಲ. 1876ರಿಂದ 78ರವರೆಗೆ ಮಳೆ ಕೈಕೊಟ್ಟಾಗ ಏನಾಯ್ತು? ಆಗ ಧಾರವಾಡ ಜಿಲ್ಲೆ ಬಾಂಬೆ ಪ್ರಾಂತ್ಯದಲ್ಲಿತ್ತು. ಈ ಕಡೆ ರೈಲು ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಧಾನ್ಯ ತರಬೇಕು, ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಆ ಬರದ ನಂತರವೇ ದಕ್ಷಿಣ ಮರಾಠಾ ರೈಲ್ವೆ ಹುಟ್ಟಿದ್ದು, 1882ರಲ್ಲಿ. ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ಗದಗಕ್ಕೆ 1884ರಲ್ಲಿ ಓಡಿದ ಗಾಡಿ ಬರಗಾಲದ ಪರಿಹಾರಕ್ಕೆ ಅಂತಲೇ ಹಾಕಿದ ಹಳಿಯ ಮೇಲೆ ಓಡಿದ್ದು. ಗದಗ ಸ್ಟೇಷನ್ನಿನಲ್ಲಿ ನಿಂತಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ದೂರದ ಊರಿನ ಅನ್ನ ನಮ್ಮನ್ನು ಬದುಕಿಸಿದೆ. ಅದನ್ನು ಮರೆತು ಬರೀ ಊರದ್ದು ಅನ್ನೋದು ಸರಿಯಲ್ಲ.

ಎರೆಹೊಲ

ಸರ್, ಅರ್ಧ ಒಪ್ಪುತ್ತೇನೆ. ಆ ಹಳಿ ಧಾನ್ಯ ತಂದದ್ದೂ ಹೌದು, ಹತ್ತಿ ಒಯ್ದದ್ದೂ ಹೌದು. ಧಾರವಾಡ ಸೀಮೆಯಲ್ಲಿ ಅಮೆರಿಕನ್ ಹತ್ತಿ ಬೆಳೆಸಿದ್ದು ಮ್ಯಾಂಚೆಸ್ಟರ್ ಗಿರಣಿಗೆ. ಜೋಳದ ಹೊಲಕ್ಕೆ ಹತ್ತಿ ಬಂದರೆ ಬರದ ವರ್ಷ ಹತ್ತಿ ತಿನ್ನೋಕಾಗುತ್ತಾ?

ಊರಿನವರೂ ಕೈಕಟ್ಟಿ ಕೂತಿರಲಿಲ್ಲ. ನಮ್ಮ ಅಜ್ಜನ ಮನೆ ಅಂಗಳದಲ್ಲಿ ಹಗೇವು ಇತ್ತು. ನೆಲದೊಳಗೆ ಗುಂಡಿ, ಒಳಗೆ ಜೋಳದ ದಂಟು, ಹೊಟ್ಟು ಹಾಸಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ಇರುತ್ತಿತ್ತು. ತೆಗೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿಗೆ ಉಸಿರು ಕಟ್ಟುತ್ತದೆ. ಕಂದೀಲು ಇಳಿಬಿಟ್ಟು ಅದು ಆರದಿದ್ದರೆ ಆಮೇಲೆ ಇಳಿಯೋದು. ಆ ಜೋಳಕ್ಕೆ ಒಂದು ವಾಸನೆ ಇರುತ್ತಿತ್ತು, ಅದರ ರೊಟ್ಟಿ ಕೆಲವರಿಗೆ ಸೇರುತ್ತಿರಲಿಲ್ಲ. ನನಗೆ ಈಗಲೂ ಬೇಕು ಅನ್ನಿಸುತ್ತದೆ. ಈಗ ಆ ಜಾಗದಲ್ಲಿ ಬಚ್ಚಲು ಕಟ್ಟಿದ್ದೇವೆ.

ಲೆಕ್ಕದ ಮಾಸ್ತರ

ಹಗೇವಿನ ಮಾತು ಚಂದ ಬರೆದಿರಿ. ನಮ್ಮ ಅಜ್ಜಿ ಮನೆ ಕಡೆಯೂ ಇತ್ತು. ಚಿಕ್ಕವನಿದ್ದಾಗ ಮಾತು ಕೇಳದಿದ್ದರೆ ಹಗೇವಿನಲ್ಲಿ ಇಳಿಸ್ತೀನಿ ಅಂತ ಹೆದರಿಸುತ್ತಿದ್ದರು.

ಹಾನಗಲ್ಲ ಕಡೆಯವ (ಹಾವೇರಿ ಜಿಲ್ಲೆ)

ನೀವೆಲ್ಲ ಊರಲ್ಲಿ ಬೆಳೆದದ್ದು ಅಂದರೆ ಊಟ ಅಂತ ತಿಳಿದಿದ್ದೀರಿ. ನಮ್ಮ ಜಿಲ್ಲೆಗೆ ಮಳೆಗಾಲದಲ್ಲಿ ಬನ್ನಿ. ರಸ್ತೆಯ ಎರಡೂ ಕಡೆ ಕಣ್ಣು ಹಾಯುವವರೆಗೆ ಗೋವಿನಜೋಳ. ಅದು ಯಾರ ತಟ್ಟೆಗೂ ಬರಲ್ಲ. ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ನಾನೂ ಎಂಟು ಎಕರೆ ಅದನ್ನೇ ಹಾಕಿದ್ದೇನೆ. ಮನೆಗೆ ಬೇಕಾದ ಕಾಳು ಅಂಗಡಿಯಿಂದ ತರುತ್ತೇನೆ. ಮೊದಲು ಅದೇ ಹೊಲದಲ್ಲಿ ನಡುನಡುವೆ ಹಾಕುವ ಅಕ್ಕಡಿ ಸಾಲಲ್ಲಿ ತೊಗರಿ, ಅಲಸಂದಿ, ಮಡಕಿ ಬರುತ್ತಿತ್ತು. ಈಗ ಕಳೆನಾಶಕ ಹೊಡೆದರೆ ಅಕ್ಕಡಿ ಉಳಿಯಲ್ಲ.

ಹಾವೇರಿಗೆ ಏಲಕ್ಕಿ ಕಂಪಿನ ನಾಡು ಅಂತ ಹೆಸರು. ಒಂದು ಏಲಕ್ಕಿ ಗಿಡ ತೋರಿಸಿ ನೋಡೋಣ! ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಇಲ್ಲಿನ ಬಾವಿ ನೀರಲ್ಲಿ ತೊಳೆದು ಮಾರುತ್ತಿದ್ದರು. ಹಾರ ಕಟ್ಟುವ ಕೈ ಮಾತ್ರ ನಮ್ಮದು. ನಮಗೆ ಹೆಸರು ಬಂದದ್ದೇ ಬೇರೆಯವರ ಬೆಳೆಯಿಂದ.

ಕಡ್ಡಿ ಖಾರ (ಬ್ಯಾಡಗಿ)

ಸವಣೂರು ಎಲೆ ಅದೆ ಅಲ್ರೀ! ಅದು ಅಪ್ಪಟ ನಮ್ಮದು.

ಹಾನಗಲ್ಲ ಕಡೆಯವ

ಎಲೆ ನಮ್ಮದು, ಅಡಿಕೆ ಶಿರಸಿದು, ಸುಣ್ಣ ಎಲ್ಲಿದೋ.

ಕೇಶ್ವಾಪುರ ಕಿರಾಣಿ

ಅಂಗಡಿಯವನ ಮಾತೂ ಕೇಳಿ. ನಮ್ಮ ಕಡೆಯ ಮುಂಗಾರಿ ಉಳ್ಳಾಗಡ್ಡಿ ದಸರಾ, ದೀಪಾವಳಿ ಹೊತ್ತಿಗೆ ಎಪಿಎಂಸಿಗೆ ಗುಡ್ಡೆ ಬೀಳುತ್ತದೆ. ಅದೇ ಹೊತ್ತಿಗೆ ಮಳೆ ಹಿಡಿದರೆ ಚೀಲದಲ್ಲೇ ಕೊಳೆಯುತ್ತದೆ. ಆ ಗಡ್ಡೆಯಲ್ಲಿ ನೀರು ಜಾಸ್ತಿ, ಇಡೋಕಾಗಲ್ಲ. ಬೇಸಿಗೆಯಲ್ಲಿ ಕಿತ್ತ ನಾಸಿಕ್ ಗಡ್ಡೆ ನಾಲ್ಕೈದು ತಿಂಗಳು ಇರುತ್ತದೆ. ಗಿರಾಕಿ ಜುಲೈನಲ್ಲಿ ಬಂದು ಗದಗ ಉಳ್ಳಾಗಡ್ಡಿ ಕೊಡಿ ಅಂದರೆ ನಾನೆಲ್ಲಿಂದ ತರಲಿ? ಊರಿನದು ತಿನ್ನಬೇಕು ಅಂದರೆ ಕಾಲ ನೋಡಿ ತಿನ್ನಬೇಕು. ಗಿರಾಕಿಗೆ ಹನ್ನೆರಡು ತಿಂಗಳೂ ಎಲ್ಲಾ ಬೇಕು, ಆದರೆ ಜವಾರಿಯೇ ಬೇಕು. ಆ ಕೈಗಾಡಿಯವನಿಗೆ ಸುಳ್ಳು ಕಲಿಸಿದ್ದು ಯಾರು?

ಕಡಲೆಹಿಟ್ಟಿಗೂ ಇದೇ ಪಾಡು. 2023ರ ಡಿಸೆಂಬರ್‌ನಿಂದ 2025ರ ಅಕ್ಟೋಬರ್ ಕೊನೆಯವರೆಗೆ ಹಳದಿ ಬಟಾಣಿಯನ್ನು ಸುಂಕ ಇಲ್ಲದೆ ತರಿಸೋಕೆ ಸರ್ಕಾರ ಬಿಟ್ಟಿತ್ತು. ಅಣ್ಣಿಗೇರಿ ಕಡಲೆ ಬೆಳೆದವನ ಎದುರಿಗೆ ಕೆನಡಾ, ರಷ್ಯಾದ ಬಟಾಣಿ ಬಂದು ಕೂತಿತು. ನೀವು ಸಂಜೆ ತಿನ್ನುವ ಮಿರ್ಚಿ ಬಜ್ಜಿಯ ಹಿಟ್ಟು ಯಾವ ದೇಶದ್ದು ಅಂತ ಬಜ್ಜಿಯವನಿಗೂ ಗೊತ್ತಿರಲ್ಲ.

ಗದಗಿನ ಹುಡುಗ

ಬಜ್ಜಿಗೆ ಮಾತ್ರ ಕೈ ಹಚ್ಚಬೇಡಿ ಸರ್. ಗಿರ್ಮಿಟ್, ಮಿರ್ಚಿ ಎರಡೂ ಈ ನಿಯಮದಿಂದ ಹೊರಗಿರಲಿ.

ಸಪ್ತಾಪುರದ ವೀಣಾ

ಗಿರ್ಮಿಟ್‌ಗೆ ಚುರುಮರಿ ದಾವಣಗೆರೆ ಕಡೆಯದಾ, ಇಲ್ಲಿ ಭಟ್ಟಿಯದಾ?

ಗದಗಿನ ಹುಡುಗ

ಈಗ ಶುರುವಾಯ್ತು ನೋಡಿ.

ಕುಂದಗೋಳ ಕಾಳು

ಸ್ವಲ್ಪ ಒಳ್ಳೆಯ ಸುದ್ದಿಯೂ ಇರಲಿ. ನಮ್ಮ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವಾದ ಯುಎನ್‌ಡಿಪಿಯ ಈಕ್ವೇಟರ್ ಪ್ರಶಸ್ತಿ ಬಂತು. ಸಾವೆ, ನವಣೆಯಂಥ ಸಿರಿಧಾನ್ಯದ ಬೀಜ ಉಳಿಸಿ ಹಂಚುತ್ತಾರೆ. ಧಾನ್ಯ ಹಸನು ಮಾಡುವ ಘಟಕವನ್ನೂ ಅವರೇ ನಡೆಸುತ್ತಾರೆ. ಮಾತಿನ ತಿರುಳು ಆ ಘಟಕದಲ್ಲೇ ಇದೆ. ಸಾವೆ ಬೆಳೆಯೋದು ಸುಲಭ, ಸಿಪ್ಪೆ ತೆಗೆಯೋದು ಕಷ್ಟ. ಮೊದಲು ಒರಳಲ್ಲಿ ಕುಟ್ಟಬೇಕಿತ್ತು, ಅದಕ್ಕೇ ಜನ ಬಿಟ್ಟರು. ಮಷಿನ್ ಊರಿಗೆ ಬಂದರೆ ಬೆಳೆ ಊರಿ‍ಗೆ ವಾಪಸ್ ಬರುತ್ತದೆ. ರೊಟ್ಟಿ ಅಕ್ಕಾರ ಹೇಳಿದ್ದೂ ಇದೇ ಅಲ್ವಾ?

ರೊಟ್ಟಿ ಬಡಿದು ಸಾಕಾದವಳು

ಅದೇ. ರಟ್ಟೆ ಉಳಿಸುವ ಮಷಿನ್ ಬಂದರೆ ನಾನು ಐವತ್ತಲ್ಲ, ಐದು ಕಿಲೋಮೀಟರಿನೊಳಗೇ ತಿನ್ನುತ್ತೇನೆ.

ಬಾಡಿಗೆ ಮನೆ

ಸಾವೆ ಅಕ್ಕಿ ಕಿಲೋ ಎಷ್ಟು ಅಂತ ಯಾರೂ ಹೇಳಲ್ಲ ನೋಡಿ.

ಕುಂದಗೋಳ ಕಾಳು

ಹೇಳ್ತೀನಿ ಅಣ್ಣಾರ. ಪೇಟೆ ಅಂಗಡಿಯ ಚಂದದ ಪ್ಯಾಕೆಟ್‌ನಲ್ಲಿ ತಗೊಂಡರೆ ನಿಮಗೆ ಪೂರೈಸಲ್ಲ. ಊರಿಗೆ ಬಂದರೆ ಅದರ ಅರ್ಧಕ್ಕೆ ಕೊಡಿಸುತ್ತೇನೆ. ಬಸ್ ಚಾರ್ಜು ಸೇರಿಸಿದರೆ ಮತ್ತೆ ಅಷ್ಟೇ ಆಗಬಹುದು, ಅದೂ ನಿಜ.

ಸುಮಾ ವಿದ್ಯಾನಗರ

ಎಲ್ಲರ ಮಾತೂ ಓದಿದೆ. ನಿಯಮ ಸಡಿಲ ಮಾಡಿದೆ. ಜೋಳ, ಕಾಳು, ಪೇರಲ, ಖಾರ ಊರಿನದೇ. ಸೊಪ್ಪು ಎಲ್ಲಿಯದು ಅಂತ ಕೇಳಿ ತಗೊಂಡು ಬೇಯಿಸುತ್ತೇನೆ. ಎಣ್ಣೆಯಲ್ಲಿ ಅರ್ಧ ಕುಸುಬೆ, ಅರ್ಧ ಅಂಗಡಿಯದು. ಉಳ್ಳಾಗಡ್ಡಿಗೆ ಊರು ಕೇಳಲ್ಲ. ರೊಟ್ಟಿ ವಾರಕ್ಕೆ ಮೂರು ದಿನ ಕೇಂದ್ರದ್ದು. ಉಳಿದ ದಿನ ನಮ್ಮ ಮನೆಯವರು ಹಿಟ್ಟು ನಾದುತ್ತಾರೆ, ನಾನು ಬಡಿಯುತ್ತೇನೆ. ಇಷ್ಟಕ್ಕೇ ಎರಡು ದಿನ ಜಗಳ ಆಯ್ತು.

ಕೈಗಾಡಿಯವನನ್ನೂ ಕೇಳಿದೆ. ಯಾಕಪ್ಪಾ, ಜವಾರಿ, ನಮ್ಮ ಹೊಲದ್ದು ಅಂತ ಸುಳ್ಳು ಹೇಳ್ತೀಯ ಅಂದೆ. ಒಂಚೂರೂ ಅಳುಕದೆ ಹೇಳಿದ: "ಅಕ್ಕಾರ, ಜವಾರಿ ಅಂದ್ರ ಹುಳಿ ಇರ್ತದ ಅಂತ ಅರ್ಥ. ಹುಳಿ ಇತ್ತೋ ಇಲ್ಲೋ?" ಹುಳಿ ಇತ್ತು. ನಾನೇನು ಹೇಳಲಿ?

ಎರೆಹೊಲ

ಅವನನ್ನು ಬಿಟ್ಟುಬಿಡಿ ಅಕ್ಕಾರ, ಮುಂದೆ ಮಂತ್ರಿ ಆಗ್ತಾನೆ.

ನಮ್ಮ ಹೊಲದ ಜೋಳದ ತೆನೆ ಹಾಲುಗಾಳು ಕಟ್ಟುತ್ತಿದೆ. ಇನ್ನು ಹತ್ತು ಹನ್ನೆರಡು ದಿನಕ್ಕೆ ಸೀತನಿ ಸುಡಬಹುದು. ಮಕ್ಕಳನ್ನು ಕರೆದುಕೊಂಡು ಬನ್ನಿ. ಮಾಸ್ತರೂ ಬರಲಿ, ಬಸ್ಸಿಗೆ ಬರಲಿ, ಇಂಗಾಲ ಉಳಿಯುತ್ತದೆ. ಶೇಂಗಾ ಚಟ್ನಿ ನಮ್ಮದಿದೆ. ಬರುವಾಗ ಬೆಲ್ಲ ಮಾತ್ರ ತನ್ನಿ.

ಗದಗಿನ ಹುಡುಗ

ಬೆಲ್ಲ ಎಷ್ಟು ಕಿಲೋಮೀಟರಿಂದು?